ಅನ್ಯನ ರೋಗಕ್ಕಾಗಿ ಓಡುವದು ಯುಕ್ತವೋ?



ದೊಡ್ಡ ಪಟ್ಟಣಗಳಲ್ಲಿ ಈಚಿನ ವರುಷಗಳಿಂದ ಒಂದು ಪದ್ಧತಿಯು ಬಳಕೆಗೆ ಬಂದಿರುತ್ತದೆ. ಒಬ್ಬ ಯೌವನಸ್ಥನು ಬಹು ದೂರದ ಓಟವನ್ನು ಓಡುವೆನೆಂದು ಮುಂದಾಗಿ ಸಾರಿ, ತನ್ನ ನೆಂಟರಿಷ್ಟರ ಬಳಿಗೂ ಜೊತೆಯಲ್ಲಿ ಕೆಲಸಮಾಡುವವರ ಬಳಿಗೂ ಹೋಗಿ, ನಾನು ಈ ಓಟವನ್ನು ಮುಗಿಸುತ್ತೇನೆ, ನೀವು ಇಂಥಾ ರೋಗದವರ ಸಹಾಯಕ್ಕೋಸ್ಕರ ಇಷ್ಟು ಹಣವನ್ನು ಕೊಡಿರಿ ಎಂದು ಬೇಡಿಕೊಳ್ಳುತ್ತಾನೆ. ಅವನ ಅಂಗಿಯ ಮೇಲೆ ಆ ರೋಗದ ಹೆಸರು ಅಚ್ಚಾಗಿರುತ್ತದೆ. ಅರ್ಬುದರೋಗದವರಿಗಾಗಿ ಓಡುವವರುಂಟು, ಕುರುಡರಿಗಾಗಿ ಓಡುವವರುಂಟು. ಮೂರ್ಛೆರೋಗದ ವಿಷಯವಾಗಿ ಜನರಲ್ಲಿ ತಿಳುವಳಿಕೆ ಹುಟ್ಟಿಸುವದಕ್ಕೆ ಓಡುವವರೂ ಉಂಟು. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸೀಮೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಮಕ್ಕಳು ಊರಿಗೆ ಬಂದು ಇಂಥಾ ಸುದ್ದಿಯನ್ನು ಹೇಳಿದಾಗ, ಕಟ್ಟೆಯ ಮೇಲೆ ಕೂತ ಹಿರಿಯರು ಕೇಳುವ ಮಾತು ಒಂದೇ: “ಇವ ಓಡಿದ್ರ ಅವನ ಬ್ಯಾನಿ ಹೆಂಗ ಹೋದೀತು? ಕೊಡೂದಿದ್ರ ಸುಮ್ಮನ ಕೊಡಬಾರದೇನು?”

ಈ ಮಾತನ್ನು ನಕ್ಕು ತಳ್ಳಿಬಿಡುವದು ಸುಲಭ. ಆದರೆ ಅದು ನ್ಯಾಯವಲ್ಲ. ಯಾಕಂದರೆ ಒಬ್ಬನ ಕಾಲಿನ ನೋವಿಗೂ ಇನ್ನೊಬ್ಬನ ಮಿದುಳಿನ ರೋಗಕ್ಕೂ ಏನು ಸಂಬಂಧ ಎಂಬದು ನಿಜವಾದ ಪ್ರಶ್ನೆ. ಬಲಗೈ ಮಾಡಿದ್ದನ್ನು ಎಡಗೈ ಅರಿಯದಂತೆ ಧರ್ಮಮಾಡಬೇಕೆಂದು ಕಲಿತವರು ಹೆಸರು ಬರೆದ ಅಂಗಿಯನ್ನು ತೊಟ್ಟು ಬೀದಿಯಲ್ಲಿ ಓಡಬಹುದೋ ಎಂಬದು ಅದಕ್ಕಿಂತಲೂ ಭಾರವಾದ ಪ್ರಶ್ನೆ.

ಮೊದಲು ಓಟವೆಂದರೇನೆಂದು ತಿಳುಕೊಳ್ಳೋಣ. ಮ್ಯಾರಥಾನ್ ಎಂಬದು ೪೨ ಕಿಲೋಮೀಟರು ೧೯೫ ಮೀಟರು ದೂರದ ಓಟ. ನಮ್ಮವರಿಗೆ ತಿಳಿಯುವಂತೆ ಹೇಳಬೇಕಾದರೆ, ಬಾಗಲಕೋಟೆಯಿಂದ ಹೊರಟು ಅಮೀನಗಡವನ್ನು ದಾಟಿ ಹುನಗುಂದದ ಹತ್ತರಕ್ಕೆ ಬಂದು ಮುಟ್ಟುವಷ್ಟು ದೂರ. (ಅಮೀನಗಡದ ಕರದಂಟಿನ ಅಂಗಡಿಗಳ ಮುಂದೆ ನಿಲ್ಲದೆ ಹೋಗುವದೂ ಒಂದು ಶೋಧನೆಯೇ ಸರಿ.) ಕ್ರಿಸ್ತಪೂರ್ವ ೪೯೦ರಲ್ಲಿ ಗ್ರೀಕರ ದೇಶದ ಮ್ಯಾರಥಾನ್ ಎಂಬ ಬೈಲಿನಲ್ಲಿ ಅಥೇನೆಯವರು ಪಾರಸಿಯರನ್ನು ಸೋಲಿಸಿದಾಗ ಒಬ್ಬ ದೂತನು ಆ ಜಯದ ಸುದ್ದಿಯನ್ನು ಪಟ್ಟಣಕ್ಕೆ ಓಡಿ ಮುಟ್ಟಿಸಿ ಅಲ್ಲಿಯೇ ಸತ್ತುಬಿದ್ದನೆಂಬ ಕಥೆಯಿಂದ ಈ ಹೆಸರು ಬಂತು. ಆ ಕಾಲಕ್ಕೆ ಸಮೀಪದವನಾದ ಹೆರೊದೋತನೆಂಬ ಚರಿತ್ರಕಾರನು ಈ ಕಥೆಯನ್ನು ಹೇಳುವದಿಲ್ಲ. ಸಹಾಯ ಬೇಡುವದಕ್ಕೆ ಸ್ಪಾರ್ತದ ವರೆಗೆ ಓಡಿದ ದೂತನ ವಿಷಯವನ್ನು ಮಾತ್ರ ಹೇಳುತ್ತಾನೆ. ಸತ್ತ ದೂತನ ಕಥೆಯನ್ನು ಬರೆದವರು ಐದಾರು ನೂರು ವರುಷಗಳ ತರುವಾಯದ ಗ್ರಂಥಕರ್ತರು. ಅದು ಹೇಗಾದರೂ ಇರಲಿ, ಎರಡು ಕಥೆಗಳಲ್ಲಿಯೂ ಓಡುವವನ ಕೈಯಲ್ಲಿ ಒಂದು ವರ್ತಮಾನವಿತ್ತೆಂಬದನ್ನು ಮಾತ್ರ ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಅದರಿಂದ ಪ್ರಯೋಜನವುಂಟು.

೧೮೯೬ರಲ್ಲಿ ಅಥೇನೆಯಲ್ಲಿ ಒಲಿಂಪಿಕ್ ಆಟಗಳನ್ನು ಪುನಃ ಆರಂಭಿಸಿದಾಗ ಈ ಓಟವನ್ನು ಇಟ್ಟರು. ಅದನ್ನು ಗೆದ್ದವನು ಸ್ಪಿರಿದೋನ್ ಲೂಯಿಸ್ ಎಂಬ ನೀರು ಹೊರುವವನು. ಈಗಿನ ದೂರವು ೧೯೦೮ರ ಲಂಡನ್ನಿನ ಆಟಗಳಲ್ಲಿ ಅಳೆದದ್ದಾಗಿದ್ದು ೧೯೨೧ರಲ್ಲಿ ನಿಶ್ಚಯವಾಯಿತು. ಲಂಡನ್ನಿನಲ್ಲಿ ವರುಷಕ್ಕೊಮ್ಮೆ ನಡೆಯುವ ಓಟವು ೧೯೮೧ರಲ್ಲಿ ಆರಂಭವಾಗಿ, ಓಡುವವರು ಧರ್ಮಕಾರ್ಯಗಳಿಗಾಗಿ ಹಣ ಕೂಡಿಸುವ ವಾಡಿಕೆಗೆ ಲೋಕದಲ್ಲೆಲ್ಲಾ ಹೆಸರಾಯಿತು. ನಮ್ಮ ದೇಶದಲ್ಲಿ ಮುಂಬೈಯ ಮ್ಯಾರಥಾನ್ ೨೦೦೪ರಲ್ಲಿಯೂ, ಬೆಂಗಳೂರಿನ ಹತ್ತು ಕಿಲೋಮೀಟರಿನ ಓಟವು ೨೦೦೮ರಲ್ಲಿಯೂ ಹುಟ್ಟಿದವು. ಇವೆರಡರಲ್ಲಿಯೂ ಧರ್ಮಸಂಸ್ಥೆಗಳಿಗಾಗಿ ಓಡುವವರಿದ್ದಾರೆ. ಪಂಜಾಬಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಫೌಜಾ ಸಿಂಗ್ ಎಂಬ ಮುದುಕನು ತನ್ನ ೮೯ನೆಯ ವಯಸ್ಸಿನಲ್ಲಿ, ೨೦೦೦ದಲ್ಲಿ, ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಸಹಾಯಕ್ಕಾಗಿ ಲಂಡನ್ನಿನ ಓಟವನ್ನು ಓಡಿದನು. ೨೦೨೫ರಲ್ಲಿ ಅವನು ತೀರಿಕೊಂಡದ್ದನ್ನು ಪತ್ರಿಕೆಗಳಲ್ಲಿ ಅನೇಕರು ಓದಿರಬಹುದು. ಆ ಮುದುಕನ ಕಾಲುಗಳು ಒಂದು ಶಿಶುವನ್ನಾದರೂ ತೂಕದಲ್ಲಿ ಹೆಚ್ಚಿಸಲಿಲ್ಲ. ಆದರೂ ಅವನ ಕಾಲುಗಳನ್ನು ನೋಡಿದವರು ಕೈಯನ್ನು ಚೀಲದೊಳಗೆ ಹಾಕಿದರು. ಇದು ಹೇಗೆಂಬದೇ ನಮ್ಮ ವಿಚಾರ.

ಇನ್ನು ರೋಗದ ವಿಷಯ. ಮೂರ್ಛೆರೋಗವೆಂದು, ಅಪಸ್ಮಾರವೆಂದು, ಈಗ ಹಳ್ಳಿಗಳಲ್ಲಿ ಸಹ ಫಿಟ್ಸ್ ಎಂದು ಕರೆಯಲ್ಪಡುವ ಈ ವ್ಯಾಧಿಯು ಮಿದುಳಿನದು. ಮಿದುಳಿನ ಕಣಗಳು ಸೂಕ್ಷ್ಮವಾದ ವಿದ್ಯುತ್ತಿನಿಂದ ಒಂದಕ್ಕೊಂದು ಸುದ್ದಿ ಕಳುಹಿಸುತ್ತಿರುತ್ತವೆ. ಕೆಲವು ವೇಳೆ ಆ ಕಣಗಳಲ್ಲಿ ಬಹಳವು ಒಂದೇ ಸಾರಿ ಕ್ರಮತಪ್ಪಿ ಕೂಗಿಕೊಂಡಂತಾಗಿ, ಮನುಷ್ಯನು ಎಚ್ಚರದಪ್ಪಿ ಬೀಳುತ್ತಾನೆ, ಕೈಕಾಲು ಸೆಟೆದು ನಡುಗುತ್ತವೆ. ಇಲ್ಲವೆ ಬೀಳದೆ ಸ್ವಲ್ಪ ಹೊತ್ತು ಶೂನ್ಯದೃಷ್ಟಿಯಿಂದ ನೋಡುತ್ತಾ ನಿಂತುಬಿಡುತ್ತಾನೆ. ಹುಟ್ಟುವಾಗ ಆದ ಪೆಟ್ಟು, ತಲೆಗೆ ಬಿದ್ದ ಗಾಯ, ಮಿದುಳಿನ ಜ್ವರ, ಗಡ್ಡೆ, ಇವು ಕಾರಣಗಳಾಗಬಹುದು. ಅನೇಕರಲ್ಲಿ ಕಾರಣವೇ ಗೊತ್ತಾಗುವದಿಲ್ಲ. ಹಂದಿಯ ಲಾಡಿಹುಳದ ತತ್ತಿಗಳು ಮಲಿನವಾದ ನೀರಿನಿಂದಲೂ ತೊಳೆಯದ ಕಾಯಿಪಲ್ಯದಿಂದಲೂ ಹೊಟ್ಟೆಗೆ ಹೋಗಿ ಮಿದುಳಿಗೆ ಮುಟ್ಟಿ ಮೂರ್ಛೆ ತರುವದುಂಟು. ಹಂದಿಯ ಮಾಂಸವನ್ನು ಎಂದೂ ಮುಟ್ಟದ ಮನೆಯವರಿಗೂ ಇದು ಬರುತ್ತದೆ. ಆದದರಿಂದ ಬೈಲಕಡೆಗೆ ಹೋಗುವ ರೂಢಿಯನ್ನು ಬಿಡುವದೂ ಈ ರೋಗಕ್ಕೆ ಒಂದು ಔಷಧವೆನ್ನಬಹುದು.

ನಮ್ಮ ಕನ್ನಡನಾಡಿನಲ್ಲಿ ಹೆಚ್ಚಾಗಿ ಕಾಣುವ ಒಂದು ವಿಧವುಂಟು. ತಲೆಯ ಮೇಲೆ ಬಿಸಿನೀರನ್ನು ತಂಬಿಗೆಯಿಂದ ಸುರಿದುಕೊಳ್ಳುವಾಗ ಕೆಲವರಿಗೆ ಮೂರ್ಛೆ ಬರುತ್ತದೆ. ಬೆಂಗಳೂರಿನ ವೈದ್ಯರು ೧೯೬೦ರ ದಶಕದಿಂದ ಇದನ್ನು ಕುರಿತು ಬರೆದು ಲೋಕಕ್ಕೆ ತಿಳಿಸಿದ್ದಾರೆ. ಹಂಡೆಯ ನೀರು ಸುಡುಸುಡುವಾಗಿದ್ದರೇ ಸ್ನಾನವೆಂದು ತಿಳಿಯುವ ನಮ್ಮ ಮನೆಗಳಲ್ಲಿ, ಬಚ್ಚಲಲ್ಲಿ ಬಿದ್ದ ಮಗುವಿಗೆ ಗಾಳಿ ಸೋಕಿತೆಂದು ಹೇಳುವವರು ಎಷ್ಟೋ ಮಂದಿ. ನೀರನ್ನು ಉಗುರುಬೆಚ್ಚಗೆ ಮಾಡಿ ವೈದ್ಯನಿಗೆ ತೋರಿಸಿದರೆ ಅನೇಕರಿಗೆ ಸಾಕಾಗುತ್ತದೆ.

ರೋಗಿಗಳು ಎಷ್ಟು ಮಂದಿ ಎಂದು ಕೇಳುವಿರೋ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಪಟ್ಟಣದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಲಕ್ಷಕ್ಕೆ ಮೇಲ್ಪಟ್ಟ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ ೨೦೦೪ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪಟ್ಟಣದಲ್ಲಿ ಸಾವಿರಕ್ಕೆ ಹೆಚ್ಚುಕಡಿಮೆ ೬ ಮಂದಿಗೂ, ಹಳ್ಳಿಗಳಲ್ಲಿ ಸಾವಿರಕ್ಕೆ ಹೆಚ್ಚುಕಡಿಮೆ ೧೨ ಮಂದಿಗೂ ಈ ರೋಗವಿತ್ತು. ಎರಡು ಸಾವಿರ ಜನರಿರುವ ಒಂದು ಹಳ್ಳಿಯನ್ನು ತೆಗೆದುಕೊಂಡರೆ ಇಪ್ಪತ್ತಕ್ಕೆ ಮೇಲಾಯಿತು. ಈಗ ನಿಮ್ಮ ಊರಿನಲ್ಲಿ ಬೆರಳು ಮಡಿಚಿ ಎಣಿಸಿ ನೋಡಿರಿ. ಇಬ್ಬರು ಮೂವರಿಗಿಂತ ಹೆಚ್ಚು ಹೆಸರುಗಳು ನಿಮಗೆ ದೊರೆಯಲಾರವು. ಉಳಿದವರು ಎಲ್ಲಿದ್ದಾರೆ? ಅವರು ನಿಮ್ಮ ನೆರೆಮನೆಯ ಒಳಕೋಣೆಯಲ್ಲಿಯೇ ಇದ್ದಾರೆ.

ಇಡೀ ಲೋಕದಲ್ಲಿ ಹೆಚ್ಚುಕಡಿಮೆ ಐದು ಕೋಟಿ ಜನರಿಗೆ ಈ ವ್ಯಾಧಿಯಿದೆಯೆಂದೂ, ಸರಿಯಾದ ಔಷಧ ದೊರೆತರೆ ನೂರಕ್ಕೆ ಎಪ್ಪತ್ತು ಮಂದಿಯ ವರೆಗೆ ಮೂರ್ಛೆಯಿಲ್ಲದೆ ಬಾಳಬಹುದೆಂದೂ ಲೋಕದ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಬಡದೇಶಗಳಲ್ಲಿ ನಾಲ್ವರಲ್ಲಿ ಮೂವರಿಗೆ ಆ ಔಷಧವು ದೊರೆಯುವದಿಲ್ಲವೆಂಬದನ್ನೂ ಅವರೇ ಹೇಳುತ್ತಾರೆ. ಔಷಧವೇನು ಬಂಗಾರದ್ದೋ? ಅಲ್ಲ. ಫಿನೋಬಾರ್ಬಿಟೋನ್ ಎಂಬ ಗುಳಿಗೆಯು ೧೯೧೨ರಿಂದಲೂ, ಫೆನಿಟಾಯಿನ್ ಎಂಬದು ೧೯೩೮ರಿಂದಲೂ ಬಳಕೆಯಲ್ಲಿವೆ. ಬೆಂಗಳೂರಿನ ಪ್ರಸಿದ್ಧ ನರವೈದ್ಯರಾಗಿದ್ದ ಡಾಕ್ಟರ್ ಕೆ. ಎಸ್. ಮಣಿಯವರು ತಮ್ಮ ಜೊತೆಗಾರರೊಂದಿಗೆ, ಈಗ ಚಾಮರಾಜನಗರ ಜಿಲ್ಲೆಗೆ ಸೇರಿದ ಯಳಂದೂರಿನ ಹಳ್ಳಿಗಳಲ್ಲಿ ಈ ಎರಡು ಅಗ್ಗದ ಗುಳಿಗೆಗಳನ್ನೇ ಕೊಟ್ಟು ವರುಷಾನುವರುಷ ನೋಡಿಕೊಂಡು, ಹಳ್ಳಿಯಲ್ಲಿಯೇ ಈ ರೋಗವನ್ನು ಹಿಡಿತಕ್ಕೆ ತರಬಹುದೆಂದು ತೋರಿಸಿದರು. ಅವರ ಬರಹವು ೨೦೦೧ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಹೀಗಿರಲಾಗಿ ರೋಗಿಗೂ ಗುಳಿಗೆಗೂ ನಡುವೆ ನಿಂತಿರುವ ಗೋಡೆಯು ಹಣದ್ದು ಸ್ವಲ್ಪ. ನಾಚಿಕೆಯದೂ ಭಯದ್ದೂ ಬಹಳ.

ಆ ಭಯವು ಹೆಸರಿನಲ್ಲಿಯೇ ಇದೆ. ಅಪಸ್ಮಾರವೆಂದರೆ ನೆನಪು ತಪ್ಪುವದೆಂದು ಮಾತ್ರ ಅರ್ಥ. ಆದರೆ ಬಾದಾಮಿಯ ಮೊದಲನೆಯ ಗುಹೆಯಲ್ಲಿರುವ ಹದಿನೆಂಟು ಕೈಗಳ ನಟರಾಜನನ್ನು ನೋಡಿದವರು, ತೆಂಕಣ ಸೀಮೆಯ ಕಂಚಿನ ನಟರಾಜಮೂರ್ತಿಗಳನ್ನೂ ಚಿತ್ರಗಳಲ್ಲಿ ನೋಡಿರಬಹುದು. ಅಲ್ಲಿ ಪಾದದ ಕೆಳಗೆ ಬಿದ್ದಿರುವ ಕುಳ್ಳನಿಗೆ ಅಪಸ್ಮಾರನೆಂದೇ ಹೆಸರು. ರೋಗದ ಹೆಸರೂ ತುಳಿಯಲ್ಪಡತಕ್ಕವನ ಹೆಸರೂ ಒಂದೇ ಆದಾಗ ರೋಗಿಯ ಗತಿ ಏನು? ಗ್ರೀಕರು ಇದನ್ನು ಯಾವದೋ ಶಕ್ತಿಯು ಹಿಡಿದುಕೊಳ್ಳುವ ರೋಗವೆಂದು ಕರೆದರು. ಕ್ರಿಸ್ತಪೂರ್ವ ೪೦೦ರ ಸುಮಾರಿಗೆ ಹಿಪ್ಪೊಕ್ರತನ ಹೆಸರಿನಲ್ಲಿ ಬರೆದ ಒಂದು ಗ್ರಂಥದಲ್ಲಿ, ಇದು ಬೇರೆ ರೋಗಗಳಿಗಿಂತ ಏನೂ ಹೆಚ್ಚು ದೈವಿಕವಾದದ್ದಲ್ಲ, ಮಿದುಳಿನಿಂದ ಬರುವದೇ ಎಂದು ವಾದಿಸಿರುವದುಂಟು. ಎರಡು ಸಾವಿರದ ನಾನೂರು ವರುಷಗಳ ಹಿಂದಿನ ಆ ಮಾತು ನಮ್ಮ ಓಣಿಗೆ ಇನ್ನೂ ಬಂದು ಮುಟ್ಟಲಿಲ್ಲ. ಬೇರೆಯವರ ನಂಬಿಕೆಯನ್ನು ಮಾತ್ರ ತೋರಿಸಿ ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ನಮ್ಮ ಸಭೆಗಳಲ್ಲಿಯೂ, ಸುವಾರ್ತೆಯಲ್ಲಿ ಬೆಂಕಿಯಲ್ಲಿಯೂ ನೀರಿನಲ್ಲಿಯೂ ಬೀಳುತ್ತಿದ್ದ ಹುಡುಗನ ವೃತ್ತಾಂತವನ್ನು ಹಿಡಿದು, ಈ ರೋಗವೆಲ್ಲಾ ದೆವ್ವದ್ದೇ ಎಂದು ಹೇಳುವವರಿದ್ದಾರೆ. ಅಂಥವರು ಮತ್ತಾಯನ ನಾಲ್ಕನೆಯ ಅಧ್ಯಾಯದ ಕೊನೆಯ ಭಾಗವನ್ನು ತೆರೆದು ನೋಡಲಿ. ಕರ್ತನ ಬಳಿಗೆ ಜನರು ತಂದ ರೋಗಿಗಳನ್ನು ಅಲ್ಲಿ ಹೆಸರಿಸುವಾಗ ದೆವ್ವಹಿಡಿದವರನ್ನು ಬೇರೆ, ಮೂರ್ಛೆರೋಗಿಗಳನ್ನು ಬೇರೆ, ಪಾರ್ಶ್ವವಾಯು ರೋಗಿಗಳನ್ನು ಬೇರೆಯಾಗಿ ಎಣಿಸಿದೆ. ಗ್ರಂಥವೇ ಬೇರೆ ಮಾಡಿದ್ದನ್ನು ನಾವು ಕೂಡಿಸುವದಕ್ಕೆ ಅಧಿಕಾರವೆಲ್ಲಿಯದು? ಹುಡುಗನ ವೃತ್ತಾಂತದಲ್ಲಿ ನನ್ನ ಮನಸ್ಸನ್ನು ಹಿಡಿಯುವದು ಆ ತಂದೆಯ ನಡತೆ. ಮಗನಿಗೆ ಎಷ್ಟು ದಿನದಿಂದ ಹೀಗಾಗುತ್ತದೆ, ಹೇಗೆ ಬೀಳುತ್ತಾನೆ, ಬಾಯಲ್ಲಿ ನೊರೆ ಹೇಗೆ ಬರುತ್ತದೆ ಎಂಬದನ್ನೆಲ್ಲಾ ಅವನು ಗುಂಪಿನ ಎದುರಿಗೆ ಹೇಳಿದನು. ಊರವರು ಏನನ್ನುವರೋ ಎಂದು ಅಂಜಿ ಮನೆಯೊಳಗೆ ಕದವಿಕ್ಕಿಕೊಂಡಿದ್ದರೆ ಆ ಹುಡುಗನು ಇನ್ನೊಂದು ಸಾರಿ ಬೆಂಕಿಗೆ ಬೀಳುತ್ತಿದ್ದನು.

ಈಗ ಹಿರಿಯರ ಮೊದಲನೆಯ ಪ್ರಶ್ನೆಗೆ ಬರೋಣ. ಓಟಕ್ಕೂ ರೋಗಕ್ಕೂ ಏನು ಸಂಬಂಧ? ನಮ್ಮ ಸೀಮೆಯವರಿಗೆ ದೇಹವನ್ನು ದಂಡಿಸಿ ಪುಣ್ಯ ಗಳಿಸುವದು ಹೊಸದಲ್ಲ. ಯುಗಾದಿಗೆ ಮುಂಚೆ ಕಂಬಿ ಹೊತ್ತು ಶ್ರೀಶೈಲದ ವರೆಗೆ ಕಾಲ್ನಡೆಯಲ್ಲಿ ಹೋಗುವವರು ನಮ್ಮ ಹಾದಿಗಳಲ್ಲಿಯೇ ನಡೆಯುತ್ತಾರೆ. ಹರಕೆ ಹೊತ್ತು ಉರುಳುವವರನ್ನೂ ನೋಡಿದ್ದೇವೆ. ಆದದರಿಂದ ಮ್ಯಾರಥಾನ್ ಓಟವೂ ಪಟ್ಟಣದವರ ಹರಕೆಯೇ ಎಂದು ಯಾರಾದರೂ ತಿಳಿದರೆ ಆಶ್ಚರ್ಯವಿಲ್ಲ. ಆದರೆ ವ್ಯತ್ಯಾಸವುಂಟು. ಹರಕೆಯವನು ತನ್ನ ನೋವನ್ನು ಮೇಲಿರುವವನ ಮುಂದೆ ಇಡುತ್ತಾನೆ; ಓಡುವವನು ಅದನ್ನು ನೆರೆಯವನ ಮುಂದೆ ಇಡುತ್ತಾನೆ. ನೋವಿಗೆ ರೋಗ ವಾಸಿಮಾಡುವ ಶಕ್ತಿ ಇದೆಯೆಂದು ಅವನು ಹೇಳುವದೇ ಇಲ್ಲ. ಅವನು ಹೇಳುವದು ಇಷ್ಟೇ: ನಿಮ್ಮನ್ನು ಬೇಡುವದಕ್ಕೆ ಮುಂಚೆ ನಾನು ನನ್ನದೇನನ್ನಾದರೂ ಖರ್ಚುಮಾಡಿದ್ದೇನೆ, ಆರು ತಿಂಗಳು ಬೆಳಗಿನ ನಿದ್ರೆಯನ್ನು ಬಿಟ್ಟಿದ್ದೇನೆ, ನನ್ನ ಮಾತು ಬರೀ ಮಾತಲ್ಲ. ನಮ್ಮಲ್ಲಿ ಕಣ ಮಾಡುವಾಗ ಮುಯ್ಯಾಳಾಗಿ ಬಂದವನು ಮರುದಿನ ನಮ್ಮನ್ನು ತನ್ನ ಕಣಕ್ಕೆ ಕರೆದರೆ ಇಲ್ಲವೆನ್ನುವದು ಕಷ್ಟ. ಅವನ ಬೆವರು ನಮ್ಮನ್ನು ಕಟ್ಟುತ್ತದೆ. ಓಡುವವನ ಬೆವರಿಗೂ ಅಷ್ಟೇ ಬಲ, ಅದಕ್ಕಿಂತ ಹೆಚ್ಚಿಲ್ಲ.

ಹಾಗಾದರೆ ಸುಮ್ಮನೆ ಕೊಡಬಾರದೇ ಎಂದು ಕೇಳಿದ್ದಕ್ಕೆ, ಕೊಡಬಹುದು, ಅವಶ್ಯವಾಗಿ ಕೊಡಿರಿ ಎಂದೇ ನನ್ನ ಉತ್ತರ. ಓಟವಿಲ್ಲದೆ ಕೊಡುವವನು ಓಟ ನೋಡಿ ಕೊಡುವವನಿಗಿಂತ ಒಳ್ಳೆಯವನು. ಆದರೆ ಲೋಕದಲ್ಲಿ ಅಂಥವರು ಕಡಿಮೆ. ಪೌಲನು ಯೆರೂಸಲೇಮಿನ ಬಡವರಿಗಾಗಿ ಸಭೆಗಳಲ್ಲಿ ಹಣ ಕೂಡಿಸಿದಾಗ ಏನು ಮಾಡಿದನು? ಮಕೆದೋನ್ಯದವರು ತಮ್ಮ ಬಡತನದಲ್ಲಿಯೂ ಹೇಗೆ ಕೊಟ್ಟರೆಂಬದನ್ನು ಕೊರಿಂಥದವರಿಗೆ ಬರೆದನು. ಕೊರಿಂಥದವರ ಉತ್ಸಾಹವನ್ನು ಮಕೆದೋನ್ಯದವರ ಮುಂದೆ ಹೊಗಳಿದನು. ಒಬ್ಬರ ಕೊಡುವಿಕೆಯನ್ನು ತೋರಿಸಿ ಇನ್ನೊಬ್ಬರನ್ನು ಎಬ್ಬಿಸುವದನ್ನು ಅವನು ಪಾಪವೆಂದೆಣಿಸಲಿಲ್ಲ. ಹಣವನ್ನು ಒಯ್ಯುವದಕ್ಕೆ ಸಭೆಗಳೇ ನೇಮಿಸಿದವರನ್ನು ಜೊತೆಗೆ ಕರಕೊಂಡು, ಲೆಕ್ಕದಲ್ಲಿ ಯಾರೂ ತಪ್ಪು ಹಿಡಿಯದಂತೆ ಜಾಗ್ರತೆ ಮಾಡಿದ್ದನ್ನೂ ಓಟದವರು ಗಮನಿಸತಕ್ಕದ್ದು.

ಎರಡನೆಯ ಪ್ರಶ್ನೆಯು ಹೆಚ್ಚು ಕಠಿಣವಾದದ್ದು. ಧರ್ಮವನ್ನು ಮರೆಯಲ್ಲಿ ಮಾಡಬೇಕೆಂಬ ಆಜ್ಞೆ ನಮಗುಂಟು. ಆ ಆಜ್ಞೆಯ ಗುರಿ ಏನೆಂದು ವಿಚಾರಿಸಿದರೆ, ಕೊಡುವವನ ಹೆಮ್ಮೆಯನ್ನು ಮುರಿಯುವದೂ ತಕ್ಕೊಳ್ಳುವವನ ಮಾನವನ್ನು ಕಾಯುವದೂ ಎಂದು ತೋರುತ್ತದೆ. ತಕ್ಕೊಳ್ಳುವವನಿಗೆ ನಾಚಿಕೆಯಾಗದಂತೆ ಕತ್ತಲಲ್ಲಿ ಕೊಡಬೇಕು, ಸರಿ. ಆದರೆ ರೋಗಿಯ ಕಷ್ಟವು ಆ ನಾಚಿಕೆಯೇ ಆಗಿದ್ದರೆ? ಮೂರ್ಛೆಯವನಿಗೆ ಕತ್ತಲಲ್ಲಿ ಗುಳಿಗೆ ಕೊಟ್ಟರೆ ಗುಳಿಗೆ ಸಿಕ್ಕಿತು. ನಾಚಿಕೆ ಇನ್ನಷ್ಟು ಗಟ್ಟಿಯಾಯಿತು. ಕತ್ತಲಿನಿಂದಲೇ ಬೆಳೆದ ಕಷ್ಟವನ್ನು ಕತ್ತಲಲ್ಲಿ ನೀಗಿಸಲಿಕ್ಕಾಗದು. ಕೊಡುವವನ ಹೆಸರು ಮರೆಯಾಗಿರಲಿ, ರೋಗದ ಹೆಸರು ಮಾತ್ರ ಬೀದಿಯಲ್ಲಿ ಕಾಣಲಿ ಎಂದರೆ ಆಜ್ಞೆಯೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಓಟದಲ್ಲಿ ದೋಷ ಬರುವದು ಅಂಗಿಯ ಮೇಲಿನ ರೋಗದ ಹೆಸರಿಗಿಂತ ಓಡುವವನ ಮೋರೆಯು ದೊಡ್ಡದಾದಾಗ. ಅಂಥಾ ಓಟಗಳೂ ಉಂಟು. ಕಾಲಿಗೆ ಬೆಲೆಯುಳ್ಳ ಬೂಟು ಹಾಕಿ, ದಾರಿಯುದ್ದಕ್ಕೂ ತನ್ನ ಚಿತ್ರ ತೆಗೆಸಿಕೊಂಡು, ಕೂಡಿಸಿದ್ದಕ್ಕಿಂತ ಖರ್ಚುಮಾಡಿದ್ದೇ ಹೆಚ್ಚಾಗಿ ಮನೆಗೆ ಬರುವವರನ್ನು ಈ ಬರಹವು ಸಮರ್ಥಿಸುವದಿಲ್ಲ.

ಬಹಿರಂಗವಾಗಿ ಮಾತಾಡದೆ ಆಗದ ಕೆಲಸಕ್ಕೆ ನಮ್ಮ ದೇಶದ ಕಾಯಿದೆಯೇ ಸಾಕ್ಷಿ. ಹಿಂದೂ ವಿವಾಹದ ಕಾಯಿದೆಗೂ, ಎಲ್ಲಾ ಮತದವರಿಗೂ ತೆರೆದಿರುವ ವಿಶೇಷ ವಿವಾಹದ ಕಾಯಿದೆಗೂ ೧೯೭೬ರಲ್ಲಿ ತಿದ್ದುಪಡಿಯಾದಾಗ, ಪದೇ ಪದೇ ಹುಚ್ಚು ಅಥವಾ ಮೂರ್ಛೆ ಬರುವವರು ಮದುವೆಗೆ ಯೋಗ್ಯರಲ್ಲವೆಂದು ಬರೆಯಲ್ಪಟ್ಟಿತು. ವೈದ್ಯರೂ ಭಾರತೀಯ ಅಪಸ್ಮಾರ ಸಂಘದವರೂ ಬಹುಕಾಲ ಕೇಳಿಕೊಂಡ ಮೇಲೆ, ೧೯೯೯ರ ತಿದ್ದುಪಡಿಯಲ್ಲಿ ಮೂರ್ಛೆಯ ಮಾತನ್ನು ಎರಡೂ ಕಾಯಿದೆಗಳಿಂದ ತೆಗೆದುಹಾಕಿದರು. ಇಪ್ಪತ್ತಮೂರು ವರುಷ ಗುಳಿಗೆಯಿಂದ ನಿಲ್ಲುವ ಒಂದು ರೋಗವು ಮದುವೆಗೆ ಅಡ್ಡಿಯಾಗಿ ಕಾಯಿದೆಯ ಪುಸ್ತಕದಲ್ಲಿತ್ತು. ಮರೆಯಲ್ಲಿ ಕೊಟ್ಟ ಯಾವ ದಾನವೂ ಆ ಒಂದು ಮಾತನ್ನು ಅಳಿಸಲಾರದು.

ಕಾಯಿದೆ ಹೋಯಿತು, ಮನೆಯ ಕಾಯಿದೆ ಹೋಗಲಿಲ್ಲ. ಇಳಕಲ್ಲಿನ ಒಬ್ಬ ನೇಕಾರನ ಮನೆಯನ್ನು ಭಾವಿಸಿರಿ. ತಂದೆ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಾನೆ, ಮಗಳು ಕಂಡಿಕೆ ಸುತ್ತುತ್ತಾಳೆ. ಅವಳಿಗೆ ಹನ್ನೆರಡನೆಯ ವಯಸ್ಸಿನಿಂದ ಮೂರ್ಛೆ. ಗುಳಿಗೆ ನುಂಗಲಾರಂಭಿಸಿದ ಮೇಲೆ ಮೂರು ವರುಷದಿಂದ ಒಂದೂ ಬರಲಿಲ್ಲ. ಈಗ ಬೀಗತನದ ಮಾತು ಬಂತು. ಹೇಳಿದರೆ ಬಂದವರು ಎದ್ದುಹೋಗುವರು. ಅವಳ ತಂಗಿಯನ್ನೂ ಯಾರೂ ಕೇಳುವದಿಲ್ಲ. ಹೇಳದಿದ್ದರೆ ಮದುವೆಯಾಗುವದು. ಈ ತಂದೆಯು ಏನು ಮಾಡಬೇಕು?

ಹೇಳಬೇಕು ಎಂದು ಸಭೆಯ ಪೀಠದಿಂದ ಹೇಳಿಬಿಡುವದು ಬಹಳ ಸುಲಭ, ಯಾಕಂದರೆ ಪೀಠದ ಮೇಲೆ ನಿಂತವನ ಮಗಳು ಅವಳಲ್ಲ. ಹೇಳದೆ ಬಿಟ್ಟ ತಂದೆಯನ್ನು ಸುಳ್ಳುಗಾರನೆಂದು ಕರೆಯಲು ನನ್ನ ಬಾಯಿ ಬಾರದು. ಅವನು ಹುಲಿಯ ಮುಂದೆ ಮಗುವನ್ನು ಸೆರಗಿನಲ್ಲಿ ಮುಚ್ಚಿದವನು. ಆದರೂ ಆ ಸೆರಗಿನ ಕೆಳಗೆ ಏನಾಗುತ್ತದೆಂದು ನೋಡಿರಿ. ಅತ್ತೆಯ ಮನೆಗೆ ಹೋದ ಹುಡುಗಿಯು ಗುಳಿಗೆಯ ಚೀಟಿಯನ್ನು ಟ್ರಂಕಿನ ಅಡಿಗೆ ಇಡುತ್ತಾಳೆ. ಯಾರೂ ಇಲ್ಲದ ವೇಳೆಯನ್ನು ನೋಡಿ ನುಂಗಬೇಕು. ಕೂಡುಮನೆಯಲ್ಲಿ ಅಂಥಾ ವೇಳೆ ಎಲ್ಲಿಯದು? ಒಂದು ದಿನ ತಪ್ಪುತ್ತದೆ, ವಾರ ತಪ್ಪುತ್ತದೆ. ಗುಳಿಗೆಯನ್ನು ಥಟ್ಟನೆ ಬಿಟ್ಟರೆ ಮೂರ್ಛೆಯು ಮೊದಲಿಗಿಂತ ಬಲವಾಗಿ ಬರುವದುಂಟು, ಒಂದರ ಹಿಂದೆ ಒಂದು ಬಂದು ಪ್ರಾಣಕ್ಕೆ ಅಪಾಯವಾಗುವದೂ ಉಂಟು. ಅದು ಒಲೆಯ ಮುಂದೆ ಬಂದರೆ, ಬಾವಿಯ ಕಟ್ಟೆಯ ಮೇಲೆ ಬಂದರೆ, ಹೇಳಬೇಕಾದದ್ದಿಲ್ಲ. ಗರ್ಭಿಣಿಯಾದರೆ ಇನ್ನೂ ಕಷ್ಟ. ಈ ರೋಗದ ಕೆಲವು ಔಷಧಗಳು ಗರ್ಭದ ಶಿಶುವಿಗೆ ಕೇಡುಮಾಡತಕ್ಕವು. ಅವನ್ನು ವೈದ್ಯನೇ ಮುಂಚಿತವಾಗಿ ಬದಲಿಸಬೇಕು. ಹಾಗೆ ಮಾಡಿಕೊಂಡ ಹೆಂಗಸರಲ್ಲಿ ಹೆಚ್ಚಿನವರು ಆರೋಗ್ಯವುಳ್ಳ ಮಕ್ಕಳನ್ನೇ ಹೆರುತ್ತಾರೆ. ಆದರೆ ಯಾರಿಗೂ ಹೇಳದವಳು ವೈದ್ಯನ ಬಳಿಗೆ ಯಾರ ಜೊತೆಯಲ್ಲಿ ಹೋಗುವಳು? ಮದುವೆಯನ್ನು ಕೊಟ್ಟ ಮರೆಯೇ ಮದುವೆಯೊಳಗೆ ಅವಳನ್ನು ಒಂಟಿಯಾಗಿ ಮಾಡಿತು.

ಆದದರಿಂದ ಹೇಳಬೇಕೆಂಬದೇ ನನ್ನ ಅಭಿಪ್ರಾಯ. ಬೀಗರು ಬಂದ ಮೊದಲನೆಯ ದಿನ ಅಂಗಳದಲ್ಲಿ ನಿಂತಲ್ಲ; ಮಾತು ಗಟ್ಟಿಯಾಗುವದಕ್ಕೆ ಮುಂಚೆ, ವರನಿಗೂ ಅವನ ತಾಯಿಗೂ, ಸಾಧ್ಯವಾದರೆ ವೈದ್ಯನ ಎದುರಿನಲ್ಲಿ. ಆದರೆ ಇದರಲ್ಲಿ ಹೇಳುವವನ ಹೊರೆಗಿಂತ ಕೇಳುವವನ ಹೊರೆಯು ದೊಡ್ಡದು. ಸತ್ಯ ಹೇಳುವದನ್ನು ಅಪಾಯದ ಕೆಲಸವಾಗಿ ಮಾಡಿದವರು ಊರವರಾದ ನಾವು. ಬೀದಿಯಲ್ಲಿ ಓಡುವವನು ಅಂಗಿಯ ಮೇಲೆ ಆ ರೋಗದ ಹೆಸರನ್ನು ಹೊತ್ತು ಹೋದಾಗ, ಕಟ್ಟೆಯ ಮೇಲೆ ಕೂತವರು ಅದನ್ನು ನೋಡಿ, ಅದರ ವಿಷಯ ಮಾತಾಡಿ, ಮರುದಿನ ಆ ಹೆಸರು ಕೇಳಿದರೆ ಬೆಚ್ಚದಂತಾದರೆ, ಇಳಕಲ್ಲಿನ ಆ ತಂದೆಯ ಹೊರೆಯಲ್ಲಿ ಒಂದು ಕಲ್ಲು ಇಳಿಯಿತು. ಮ್ಯಾರಥಾನಿನ ದೂತನ ಕೈಯಲ್ಲಿ ಒಂದು ವರ್ತಮಾನವಿತ್ತೆಂದು ಮೇಲೆ ಹೇಳಿದೆನಷ್ಟೆ. ಓಟಕ್ಕೂ ರೋಗಕ್ಕೂ ಇರುವ ಸಂಬಂಧವು ಅದೇ. ಈಗಿನ ಓಟಗಾರನಿಗೂ ಸುದ್ದಿ ಮುಟ್ಟಿಸುವದೇ ಕೆಲಸ, ಹಣವು ಅದರ ಹಿಂದೆ ಬರತಕ್ಕದ್ದು. ಸುದ್ದಿ ಮುಟ್ಟಿಸಿ ಸಾಯಬೇಕಾದದ್ದು ಮಾತ್ರ ಏನೂ ಇಲ್ಲ. ಆ ಭಾಗವನ್ನು ಮೆಚ್ಚುವ ಕವಿಗಳು ತಾವೇ ಓಡಿ ನೋಡಲಿ.

ಇಲ್ಲಿ ಇನ್ನೊಂದು ಸಂಶಯವುಂಟು. ರೋಗವಿಲ್ಲದವನು ರೋಗಿಗಾಗಿ ಓಡುವಾಗ ರೋಗಿಯು ಕನಿಕರದ ಗೊಂಬೆಯಾಗುವದಿಲ್ಲವೇ? ಆಗುವದುಂಟು. ಆದದರಿಂದ ರೋಗವುಳ್ಳವರೇ ಓಡಿದ ದೃಷ್ಟಾಂತಗಳು ಹೆಚ್ಚು ಬೆಲೆಯುಳ್ಳವು. ದಕ್ಷಿಣ ಆಫ್ರಿಕದ ಜಾಂಟಿ ರೋಡ್ಸ್ ಎಂಬ ಕ್ರಿಕೆಟ್ ಆಟಗಾರನು ೧೯೯೨ರ ವಿಶ್ವಕಪ್ಪಿನಲ್ಲಿ ಚೆಂಡನ್ನು ಹಿಡಿದುಕೊಂಡು ಓಡಿಬಂದು ದೇಹದೊಡನೆ ಗೂಟಗಳ ಮೇಲೆಯೇ ಹಾರಿದ್ದನ್ನು ನಮ್ಮ ಹುಡುಗರು ಇಂದಿಗೂ ನೋಡಿ ಹಿಗ್ಗುತ್ತಾರೆ. ಅವನಿಗೆ ಚಿಕ್ಕಂದಿನಿಂದ ಮೂರ್ಛೆರೋಗವಿತ್ತೆಂಬದನ್ನೂ, ಅವನು ಅದನ್ನು ಮುಚ್ಚಿಡದೆ ಅದರ ವಿಷಯದಲ್ಲಿ ಜನರಿಗೆ ತಿಳುವಳಿಕೆ ಕೊಟ್ಟನೆಂಬದನ್ನೂ ಅವರಿಗೆ ಯಾರೂ ಹೇಳಲಿಲ್ಲ. ಅಮೇರಿಕದ ಡಯಾನ್ ವ್ಯಾನ್ ಡೆರೆನ್ ಎಂಬ ಸ್ತ್ರೀಯು ಮೂರ್ಛೆ ಬರುವ ಮುನ್ಸೂಚನೆ ತೋರಿದಾಗ ಬೂಟು ಹಾಕಿಕೊಂಡು ಓಡುತ್ತಿದ್ದಳು. ಓಡಿದರೆ ತನಗೆ ಅದು ತಡೆಯುವದೆಂದು ಕಂಡುಕೊಂಡಿದ್ದಳು. ೧೯೯೭ರಲ್ಲಿ ಮಿದುಳಿನ ಒಂದು ಭಾಗವನ್ನು ಶಸ್ತ್ರವೈದ್ಯರು ತೆಗೆದ ಮೇಲೆ ಅವಳು ನೂರಾರು ಮೈಲಿನ ಓಟಗಳನ್ನು ಓಡಿದಳು. ಇದನ್ನು ಓದಿ ಓಟವೇ ಔಷಧವೆಂದು ಯಾರೂ ತಿಳಿಯಬಾರದು. ಅದು ಅವಳೊಬ್ಬಳ ಅನುಭವ. ಆದರೆ ಮೂರ್ಛೆಯವರು ಆಟಓಟಗಳನ್ನು ಬಿಟ್ಟು ಮೂಲೆಯಲ್ಲಿ ಕೂತಿರಬೇಕೆಂಬದು ಮಾತ್ರ ಸುಳ್ಳು. ಈ ರೋಗದ ವೈದ್ಯರ ಅಂತರರಾಷ್ಟ್ರೀಯ ಕೂಟದವರು ೨೦೧೬ರಲ್ಲಿ ಆಟಗಳನ್ನು ಅಪಾಯದ ಪ್ರಮಾಣದಂತೆ ವಿಂಗಡಿಸಿದಾಗ ಓಟವನ್ನು ಹೆಚ್ಚಿನ ಅಪಾಯವಿಲ್ಲದವುಗಳಲ್ಲಿ ಸೇರಿಸಿದರು. ಗುಳಿಗೆ ತಪ್ಪಿಸಬಾರದು, ನಿದ್ರೆ ಕೆಡಬಾರದು, ಬಿಸಿಲಿನಲ್ಲಿ ಬಳಲಬಾರದು, ಜೊತೆಯಲ್ಲಿ ವಿಷಯ ಬಲ್ಲವನೊಬ್ಬನಿರಬೇಕು, ವೈದ್ಯನನ್ನು ಮೊದಲು ಕೇಳಬೇಕು. ಮಲಪ್ರಭೆಯಲ್ಲಿಯೂ ಘಟಪ್ರಭೆಯಲ್ಲಿಯೂ ಬಾವಿಯಲ್ಲಿಯೂ ಒಬ್ಬನೇ ಈಜುವದಂತೂ ಬೇಡವೇ ಬೇಡ.

ನಮ್ಮ ಸೀಮೆಯಲ್ಲಿಯೂ ಇಂಥಾ ಓಟವನ್ನು ಇಡಬೇಕೆಂದು ಯೌವನಸ್ಥರು ಆಶಿಸಿದರೆ ನಲವತ್ತೆರಡು ಕಿಲೋಮೀಟರು ಬೇಕಾಗಿಲ್ಲ. ಬಾದಾಮಿಯಿಂದ ಬನಶಂಕರಿಗೆ ಐದು ಕಿಲೋಮೀಟರು, ಅಷ್ಟು ಸಾಕು. ಬಂದ ಹಣದ ಪ್ರತಿಯೊಂದು ರೂಪಾಯಿಯ ಲೆಕ್ಕವನ್ನು ಗುಡಿಯ ಕಟ್ಟೆಯಲ್ಲಿಯೂ ಸಭೆಯ ಬಾಗಿಲಲ್ಲಿಯೂ ಪಂಚಾಯತಿಯ ಗೋಡೆಯಲ್ಲಿಯೂ ಹಚ್ಚಬೇಕು. ಗುಳಿಗೆಗೂ, ಬಡವರನ್ನು ಬಾಗಲಕೋಟೆಯ ದೊಡ್ಡ ಆಸ್ಪತ್ರೆಗಳಿಗೆ ಕರಕೊಂಡು ಹೋಗುವ ಬಸ್ಸಿನ ಖರ್ಚಿಗೂ ಅದನ್ನು ಉಪಯೋಗಿಸಬಹುದು. ೨೦೦೨ರಿಂದ ಬಾಗಲಕೋಟೆಯಲ್ಲಿಯೇ ವೈದ್ಯಕೀಯ ಕಾಲೇಜು ಇರುವದರಿಂದ ಮೊದಲಿನಂತೆ ಹುಬ್ಬಳ್ಳಿ ಬೆಳಗಾವಿಗಳಿಗೆ ಅಲೆಯಬೇಕಾದದ್ದು ಕಡಿಮೆಯಾಗಿದೆ. ಓಡುವವರು ಹಂಚುವ ಕರಪತ್ರದಲ್ಲಿ ಉಪದೇಶವನ್ನು ತುಂಬಿಸದೆ, ಮೂರ್ಛೆ ಬಂದಾಗ ಮಾಡತಕ್ಕದ್ದನ್ನು ದೊಡ್ಡಕ್ಷರದಲ್ಲಿ ಅಚ್ಚುಹಾಕಿಸಲಿ: ಬಿದ್ದವನನ್ನು ಅದುಮಿ ಹಿಡಿಯಬೇಡಿರಿ, ಸುತ್ತಲಿನ ಕಲ್ಲು, ಕುಡುಗೋಲು, ಬೆಂಕಿಗಳನ್ನು ದೂರ ಮಾಡಿರಿ, ತಲೆಯ ಕೆಳಗೆ ಮಡಿಚಿದ ಟವೆಲನ್ನು ಇಡಿರಿ, ನಡುಕ ನಿಂತ ಕೂಡಲೆ ಪಕ್ಕಕ್ಕೆ ಹೊರಳಿಸಿರಿ, ಬಾಯೊಳಗೆ ಚಮಚೆಯನ್ನಾಗಲಿ ನೀರನ್ನಾಗಲಿ ಹಾಕಬೇಡಿರಿ, ಗಡಿಯಾರ ನೋಡಿರಿ, ಐದು ನಿಮಿಷಕ್ಕೆ ಮೀರಿದರೆ ಇಲ್ಲವೆ ಎಚ್ಚರವಾಗದೆ ಮತ್ತೊಂದು ಬಂದರೆ ಆಸ್ಪತ್ರೆಗೆ ಒಯ್ಯಿರಿ. ಕೈಯಲ್ಲಿ ಕಬ್ಬಿಣದ ಕೀಲಿಯನ್ನು ಹಿಡಿಸಿ, ಮೂಗಿಗೆ ಉಳ್ಳಾಗಡ್ಡಿಯನ್ನೂ ಚಪ್ಪಲಿಯನ್ನೂ ಹಿಡಿಯುವದರಿಂದ ಏನೂ ಆಗುವದಿಲ್ಲ. ಮೂರ್ಛೆಯು ಹೆಚ್ಚಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಕೀರ್ತಿ ಮಾತ್ರ ಚಪ್ಪಲಿಗೆ ಹೋಗುತ್ತದೆ.

ಓಡಲಾರದ ಹಿರಿಯರು ದಾರಿಯ ಪಕ್ಕದಲ್ಲಿ ನೀರಿನ ಕೊಡ ಇಟ್ಟುಕೊಂಡು ನಿಲ್ಲಬಹುದು. ಅಥೇನೆಯ ಓಟವನ್ನು ಗೆದ್ದವನೂ ನೀರು ಹೊರುವವನೇ. ನಮ್ಮ ದೇಶದಲ್ಲಿ ನವೆಂಬರ ೧೭ನ್ನು ಈ ರೋಗದ ತಿಳುವಳಿಕೆಯ ದಿನವಾಗಿ ನಡಿಸುತ್ತಾರೆ. ಆ ಹೊತ್ತಿಗೆ ಬಿಸಿಲು ಇಳಿದು ಬೆಳಗಿನ ಗಾಳಿ ತಣ್ಣಗಿರುತ್ತದೆ, ಹಿಂಗಾರಿ ಜೋಳವು ಇನ್ನೂ ಎಳೆಯದಿದ್ದು ಹೊಲದ ಕೆಲಸವೂ ತುಸು ಹಗುರವಾಗಿರುತ್ತದೆ. ಓಟವನ್ನು ಆ ದಿನಕ್ಕೇ ಇಟ್ಟುಕೊಂಡರೆ ಓಡುವವರಿಗೂ ನಿಂತು ನೋಡುವವರಿಗೂ ಅನುಕೂಲವಾದೀತು.